15 ವರ್ಷ ತುಂಬುತ್ತಿರುವ ಆಲ್ಟೊ ಕಾರನ್ನು ಉಳಿಸಿಕೊಳ್ಳಬಹುದೇ?

ಪ್ರಶ್ನೆ (ಉಡುಪಿಯಿಂದ): ನಮ್ಮ 796 ಸಿಸಿ ಆಲ್ಟೊ ಕಾರಿಗೆ ಮುಂದಿನ ವರ್ಷ 15 ತುಂಬುತ್ತದೆ. ಪೇಟೆಗೆ ಹೋಗಿಬರುವುದಕ್ಕಷ್ಟೇ ಬಳಸುವ ಈ ಗಾಡಿಯನ್ನು ಉಳಿಸಿಕೊಳ್ಳುವುದು ಲಾಭವೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಇಂಜಿನ್‌ಗಿಂತ ಮೊದಲು ತಳವನ್ನು ನೋಡಿಸಿ ಸರ್. ಕರಾವಳಿಯ ಉಪ್ಪುಗಾಳಿಗೂ ಮಳೆಗೂ ಸಿಕ್ಕ ಕಾರಿನಲ್ಲಿ ಕಾಲುಚಾಪೆಯಡಿಯ ತಗಡು ಬಣ್ಣದ ಮರೆಯಲ್ಲೇ ತುಕ್ಕು ಹಿಡಿದಿರಬಹುದು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಅದು ಕುಸಿದರೆ ಮಾರುವುದೇ ಲೇಸು.

ಉತ್ತರ 2: ತಳ ಗಟ್ಟಿಯಿದ್ದರೆ ಖಂಡಿತ ಇಟ್ಟುಕೊಳ್ಳಿ. ಈ ಇಂಜಿನ್‌ನಲ್ಲಿರುವುದು ರಬ್ಬರಿನ ಟೈಮಿಂಗ್ ಬೆಲ್ಟ್ (ಇಂಜಿನ್‌ನ ವಾಲ್ವ್‌ಗಳು ಸರಿಯಾದ ಸಮಯಕ್ಕೆ ತೆರೆದು ಮುಚ್ಚುವಂತೆ ಮಾಡುವ ಪಟ್ಟಿ). ಕಾರು ಕಡಿಮೆ ಓಡಿದ್ದರೂ ವರ್ಷ ಕಳೆದಂತೆ ಅದು ಬಿರುಕು ಬಿಡುವುದರಿಂದ, ಹಿಂದೆ ಬದಲಿಸಿದ ದಾಖಲೆ ಇಲ್ಲದಿದ್ದರೆ ಈಗಲೇ ಬದಲಿಸಿ. ಇಂಜಿನ್ ತಂಪಾಗಿಸುವ ದ್ರವವಾದ ಕೂಲಂಟ್ ಬದಲು ಬಾವಿನೀರು ಸುರಿಯುವ ನಮ್ಮವರ ಅಭ್ಯಾಸವಂತೂ ಬೇಡವೇ ಬೇಡ.

ಉತ್ತರ 3: ನೋಂದಣಿ ಅವಧಿ ಮುಗಿಯುವ ಮೊದಲೇ ಆರ್‌ಟಿಒಗೆ ಅರ್ಜಿ ಹಾಕಿ. ತಪಾಸಣೆಯಲ್ಲಿ ಪಾಸಾದರೆ ಆರ್‌ಸಿಯನ್ನು (ನೋಂದಣಿ ಪತ್ರವನ್ನು) 5 ವರ್ಷಕ್ಕೆ ನವೀಕರಿಸುತ್ತಾರೆ. ಹಳೆಯ ವಾಹನಗಳಿಗೆ ವಿಧಿಸುವ ಹಸಿರು ತೆರಿಗೆಯನ್ನೂ ಕಟ್ಟಬೇಕಾಗುತ್ತದೆ.