ಪದಚರ್ಚೆ: ‘ಪಿಷ್ಟ’ ಯಾವುದರ ಹೆಸರು? ಸ್ಟಾರ್ಚಿನದೋ, ಕಾರ್ಬೊಹೈಡ್ರೇಟಿನದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಜೀವಕೋಶದ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕೋಶಪೊರೆ, ಕೋಶಭಿತ್ತಿ, ವರ್ಣತಂತು ಇವೆಲ್ಲ ಈಗಾಗಲೇ ನೆಲೆನಿಂತ ಪದಗಳಾದ್ದರಿಂದ ತೊಡಕಾಗಲಿಲ್ಲ. ಕೋಶವು ಯಾವ ಯಾವ ಅಣುಗಳಿಂದ ಆಗಿದೆ ಎಂದು ಹೇಳುವ ಅಧ್ಯಾಯಕ್ಕೆ ಬಂದಾಗ ‘ಪಿಷ್ಟ’ ಎಂಬ ಪದ ನನ್ನನ್ನು ತಡೆದು ನಿಲ್ಲಿಸಿದೆ. ಶಾಲೆಯಲ್ಲಿ ಎಲೆಯ ಮೇಲೆ ಅಯೋಡಿನ್ ಹನಿಸಿ ‘ಪಿಷ್ಟ ಪರೀಕ್ಷೆ’ ಮಾಡಿಸುತ್ತೇವೆ. ಅಲ್ಲಿ ಪಿಷ್ಟವೆಂದರೆ ಸ್ಟಾರ್ಚ್ ಮಾತ್ರ. ಅದೇ ಮಗು ಮನೆಗೆ ಹೋಗಿ ಆಹಾರದ ಬಗೆಗಿನ ಲೇಖನ ಓದಿದರೆ ಹಾಲಿನಲ್ಲೂ ಪಿಷ್ಟ, ಬಾಳೆಹಣ್ಣಿನಲ್ಲೂ ಪಿಷ್ಟ, ಜೇನುತುಪ್ಪದಲ್ಲೂ ಪಿಷ್ಟ. ಇಲ್ಲಿ ಆ ಪದ ಸಕ್ಕರೆಗಳು, ಸ್ಟಾರ್ಚ್, ನಾರು ಎಲ್ಲವನ್ನೂ ಒಳಗೊಂಡ ಕಾರ್ಬೊಹೈಡ್ರೇಟ್ ಎಂಬ ಇಡೀ ವರ್ಗಕ್ಕೆ ನಿಂತಿರುತ್ತದೆ.

ಇದರಿಂದ ಏನಾಗುತ್ತದೆ ಎನ್ನುವುದಕ್ಕೆ ಹಾಲನ್ನೇ ನೋಡಿ. ಹಸುವಿನ ಹಾಲಿನಲ್ಲಿ ಶೇ 4.5ರಿಂದ 5ರಷ್ಟು ಲ್ಯಾಕ್ಟೋಸ್ ಇರುತ್ತದೆ. ಅದು ಕಾರ್ಬೊಹೈಡ್ರೇಟ್ ಹೌದು. ಆದರೆ ಸ್ಟಾರ್ಚ್ ಹಾಲಿನಲ್ಲಿ ಸಹಜವಾಗಿ ಇರುವುದೇ ಇಲ್ಲ. ನೀರು ಬೆರೆಸಿದ ಹಾಲು ಗಟ್ಟಿಯಾಗಿ ಕಾಣಲೆಂದು ಹಿಟ್ಟು ಕಲಸುವವರಿದ್ದಾರೆ. ಅದನ್ನು ಪತ್ತೆ ಮಾಡುವುದೂ ಅಯೋಡಿನ್ನಿನಿಂದಲೇ: ಕಾಯಿಸಿ ಆರಿಸಿದ ಹಾಲಿಗೆ ಕೆಲವು ಹನಿ ಹಾಕಿದಾಗ ನೀಲಿ ಬಣ್ಣ ಬಂದರೆ ಕಲಬೆರಕೆಯಾಗಿದೆ ಎಂದರ್ಥ. ‘ಹಾಲಿನಲ್ಲಿ ಪಿಷ್ಟವಿದೆ’ ಎಂಬ ವಾಕ್ಯ ಒಂದು ಕಡೆ ಪೌಷ್ಟಿಕತೆಯ ವಿವರಣೆ, ಇನ್ನೊಂದು ಕಡೆ ಹಾಲು ಮಾರುವವನ ಮೇಲಿನ ದೂರು. ಸಕ್ಕರೆ ಕಾಯಿಲೆ ಇರುವವರಿಗೆ ‘ಪಿಷ್ಟ ಕಡಿಮೆ ಮಾಡಿ’ ಎಂದು ಬರೆದರೂ ಇದೇ ತೊಂದರೆ. ಓದಿದವರು ಅನ್ನ, ಮುದ್ದೆ ಬಿಟ್ಟು ಹಣ್ಣಿನ ರಸವನ್ನು ನಿಶ್ಚಿಂತೆಯಿಂದ ಕುಡಿಯಬಹುದು.

ಪದದ ಮೂಲ ಸ್ಪಷ್ಟವಾಗಿದೆ. ಸಂಸ್ಕೃತದ ‘ಪಿಷ್’ ಧಾತುವಿಗೆ ಅರೆ, ಪುಡಿಮಾಡು ಎಂದರ್ಥ. ಪಿಷ್ಟವೆಂದರೆ ಅರೆದದ್ದು, ಅಂದರೆ ಹಿಟ್ಟು. ಹೇಳಿದ್ದನ್ನೇ ಹೇಳುವುದಕ್ಕೆ ಪಿಷ್ಟಪೇಷಣ ಎನ್ನುತ್ತೇವೆ. ಮಧ್ವಾಚಾರ್ಯರ ಸಂಪ್ರದಾಯದಲ್ಲಿ ಯಜ್ಞಕ್ಕೆ ಜೀವಂತ ಪ್ರಾಣಿಯ ಬದಲು ಹಿಟ್ಟಿನಲ್ಲಿ ಮಾಡಿದ ಪಿಷ್ಟಪಶುವನ್ನು ಬಳಸುತ್ತಾರೆ. ಧಾನ್ಯದ ಹಿಟ್ಟಿನಲ್ಲಿ ಹೆಚ್ಚಿನ ಪಾಲು ಸ್ಟಾರ್ಚೇ ಆಗಿರುವುದರಿಂದ ಹಿಟ್ಟಿನ ಹೆಸರು ಸ್ಟಾರ್ಚಿಗೆ ಸಂದದ್ದು ಸಹಜ. ಅಲ್ಲಿಂದ ಹಾಲಿನ ಲ್ಯಾಕ್ಟೋಸಿಗೂ ಜೇನಿನ ಫ್ರಕ್ಟೋಸಿಗೂ ಅದನ್ನು ಎಳೆದದ್ದು ಸಹಜವಲ್ಲ.

ಗ್ರೀಕರು ಸ್ಟಾರ್ಚಿಗೆ ಇಟ್ಟ ಹೆಸರು ಇದಕ್ಕೆ ನೇರ ಎದುರಿನದು. ಅವರ ‘ಅಮಿಲಾನ್’ ಎಂಬ ಪದಕ್ಕೆ ‘ಬೀಸುಕಲ್ಲಿಗೆ ಹಾಕದ್ದು’ ಎಂದರ್ಥ. ಗೋಧಿಯನ್ನು ಬೀಸದೆ, ನೀರಿನಲ್ಲಿ ನೆನೆಸಿ, ಹಿಂಡಿ, ತಳಕ್ಕೆ ಕೂತದ್ದನ್ನು ಒಣಗಿಸಿ ತೆಗೆಯುತ್ತಿದ್ದುದರಿಂದ ಆ ಹೆಸರು. ಸ್ಟಾರ್ಚಿನ ಒಂದು ಘಟಕವಾದ ಅಮೈಲೋಸ್, ಸ್ಟಾರ್ಚನ್ನು ಕಡಿಯುವ ಕಿಣ್ವವಾದ ಅಮೈಲೇಸ್ ಎರಡರ ಹೆಸರೂ ಅದರಿಂದಲೇ ಬಂದವು. ನಮ್ಮಲ್ಲಿಯೂ ಇದಕ್ಕೆ ಹತ್ತಿರದ ಕ್ರಮಗಳಿವೆ. ಗೋಧಿ ಹಾಲು ತೆಗೆಯುವುದು, ಕೂವೆ ಗೆಡ್ಡೆಯನ್ನು ತುರಿದು ನೀರು ಬದಲಿಸುತ್ತ ತೊಳೆದು ಬಿಳಿಯ ಹಿಟ್ಟು ಕೂರಿಸುವುದು ಇವೆಲ್ಲ ಜೀವಕೋಶಗಳನ್ನು ಒಡೆದು ಅವುಗಳೊಳಗಿನ ಸ್ಟಾರ್ಚಿನ ಕಣಗಳನ್ನು ಬೇರ್ಪಡಿಸುವ ಕೆಲಸವೇ. ಕೋಶಭಿತ್ತಿಯ ನಾರು ಬಟ್ಟೆಯಲ್ಲಿ ಉಳಿಯುತ್ತದೆ, ಕಣಗಳು ನೀರಿನೊಂದಿಗೆ ಇಳಿದು ತಳ ಸೇರುತ್ತವೆ. ಕೈಪಿಡಿಯಲ್ಲಿ ಈ ಉದಾಹರಣೆಯನ್ನು ಕೊಟ್ಟೇ ಕೊಡುತ್ತೇನೆ.

ಬಟ್ಟೆಯಲ್ಲಿ ಉಳಿದ ನಾರಿನ ವಿಷಯಕ್ಕೆ ಬಂದಾಗ ‘ಪಿಷ್ಟ’ ಪೂರ್ತಿಯಾಗಿ ಕೈಕೊಡುತ್ತದೆ. ಆ ನಾರಿನ ಮುಖ್ಯ ಭಾಗ ಸೆಲ್ಯುಲೋಸ್. ಸ್ಟಾರ್ಚ್ ಮತ್ತು ಸೆಲ್ಯುಲೋಸ್ ಎರಡೂ ಗ್ಲೂಕೋಸ್ ಅಣುಗಳನ್ನು ಒಂದಕ್ಕೊಂದು ಕೋದ ಸರಪಳಿಗಳು. ಕೋದ ಬಗೆಯಲ್ಲಷ್ಟೇ ವ್ಯತ್ಯಾಸ. ಸ್ಟಾರ್ಚಿನಲ್ಲಿ ಆಲ್ಫಾ ಬಂಧವಿರುವುದರಿಂದ ಸರಪಳಿ ಸುರುಳಿ ಸುತ್ತಿಕೊಳ್ಳುತ್ತದೆ. ಅಯೋಡಿನ್ ಆ ಸುರುಳಿಯೊಳಗೆ ಸೇರಿಕೊಂಡಾಗಲೇ ಕಡುನೀಲಿ ಬಣ್ಣ ಬರುವುದು. ಸೆಲ್ಯುಲೋಸಿನದು ಬೀಟಾ ಬಂಧ. ಅಲ್ಲಿ ಸರಪಳಿಗಳು ನೆಟ್ಟಗೆ ಚಾಚಿಕೊಂಡು, ಒಂದರ ಪಕ್ಕ ಒಂದು ಒತ್ತಾಗಿ ಕೂತು ಗಟ್ಟಿಯಾಗುತ್ತವೆ. ನಮ್ಮ ಜೊಲ್ಲಿನ ಅಮೈಲೇಸ್ ಮೊದಲನೆಯದನ್ನು ಕಡಿಯುತ್ತದೆ, ಎರಡನೆಯದನ್ನು ಮುಟ್ಟಲಾರದು. ಹತ್ತಿಯ ಎಳೆಯಲ್ಲಿ ಶೇ 90ರಷ್ಟು ಸೆಲ್ಯುಲೋಸೇ. ಉಣ್ಣುವ ಅನ್ನವೂ ಉಡುವ ಹತ್ತಿಯೂ ಗ್ಲೂಕೋಸಿನಿಂದಲೇ ಆದವು ಎಂಬ ಈ ಬೆರಗನ್ನು ಮಕ್ಕಳಿಗೆ ತಲುಪಿಸಬೇಕಾದರೆ ಅನ್ನದಲ್ಲಿರುವುದಕ್ಕೆ ಒಂದು ಹೆಸರು, ಹತ್ತಿಯಲ್ಲಿರುವುದಕ್ಕೆ ಇನ್ನೊಂದು, ಎರಡನ್ನೂ ಒಳಗೊಳ್ಳುವ ವರ್ಗಕ್ಕೆ ಮತ್ತೊಂದು ಬೇಕೇ ಬೇಕು. ಹತ್ತಿಯನ್ನು ಪಿಷ್ಟವೆಂದು ಕರೆಯಲು ಯಾವ ಕನ್ನಡಿಗನೂ ಒಪ್ಪುವುದಿಲ್ಲ.

ವರ್ಗದ ಹೆಸರಾಗಿ ‘ಶರ್ಕರಪಿಷ್ಟ’ ಬಳಕೆಯಲ್ಲಿದೆ. ಸಿಹಿಯಾದವು ಮತ್ತು ಹಿಟ್ಟಾದವು ಎಂದು ಎರಡನ್ನು ಜೋಡಿಸಿ ಮಾಡಿದ ಪದವಿದು. ಸಿಹಿಯೂ ಅಲ್ಲದ ಹಿಟ್ಟೂ ಅಲ್ಲದ ಸೆಲ್ಯುಲೋಸ್ ಹೊರಗುಳಿಯುತ್ತದೆ. ಹಾಗೆಂದು ಕಾರ್ಬೊಹೈಡ್ರೇಟ್ ಪದವನ್ನು ಬಿಡಿಸಿ ‘ಇಂಗಾಲಜಲ’ದಂತಹ ಪದ ಕಟ್ಟುವುದೂ ನನಗೆ ಒಪ್ಪಿಗೆಯಿಲ್ಲ. ಗ್ಲೂಕೋಸಿನಲ್ಲಿ 6 ಇಂಗಾಲ, 12 ಜಲಜನಕ, 6 ಆಮ್ಲಜನಕ ಇರುವುದನ್ನು ಕಂಡು, ಇಂಗಾಲಕ್ಕೆ ನೀರು ಕೂಡಿದೆ ಎಂದು ಭಾವಿಸಿ ಇಟ್ಟ ಹೆಸರದು. ಅಣುವಿನಲ್ಲಿ ನೀರು ನೀರಾಗಿ ಎಲ್ಲೂ ಇಲ್ಲ. ಡಿಎನ್‌ಎಯ ಡಿಆಕ್ಸಿರೈಬೋಸ್‌ನಲ್ಲಿ 5 ಇಂಗಾಲ, 10 ಜಲಜನಕ, 4 ಆಮ್ಲಜನಕ ಇದ್ದು ಆ ಲೆಕ್ಕ ತಪ್ಪುತ್ತದೆ. ವಿನೆಗರಿನ ಅಸಿಟಿಕ್ ಆಮ್ಲದಲ್ಲಿ ಲೆಕ್ಕ ಸರಿಹೊಂದಿದರೂ ಅದು ಕಾರ್ಬೊಹೈಡ್ರೇಟ್ ಅಲ್ಲ. ಹಳೆಯ ತಪ್ಪೆಣಿಕೆಯನ್ನು ಕನ್ನಡಕ್ಕೆ ಅನುವಾದಿಸಿಕೊಳ್ಳುವುದಕ್ಕಿಂತ ಕಾರ್ಬೊಹೈಡ್ರೇಟ್ ಎಂದೇ ಉಳಿಸಿಕೊಳ್ಳುವುದು ಮೇಲು.

ನನಗೆ ಭರವಸೆ ಕೊಡುವ ಪದ ‘ಶರ್ಕರ’. ಸಂಸ್ಕೃತದಲ್ಲಿ ಮೊದಲು ಹರಳು, ಮರಳಿನ ಕಣ ಎಂಬ ಅರ್ಥವಿದ್ದು, ಹರಳಾದ ಸಕ್ಕರೆಗೆ ಹೆಸರಾಯಿತು; ಪಾರಸಿಯ ಶಕರ್, ಅರಬಿಯ ಸುಕ್ಕರ್, ಗ್ರೀಕಿನ ಸಾಕ್ಖರಾನ್ ಎಲ್ಲ ಇದರ ಸಂತಾನವೇ. ಜೀವರಸಾಯನಶಾಸ್ತ್ರದಲ್ಲಿ ಕಾರ್ಬೊಹೈಡ್ರೇಟಿಗಿರುವ ಇನ್ನೊಂದು ಹೆಸರಾದ ‘ಸ್ಯಾಕರೈಡ್’ ಆ ಗ್ರೀಕ್ ಪದದಿಂದ ಬಂದದ್ದರಿಂದ ಶರ್ಕರ ಎಂದರೆ ಅದನ್ನು ತವರಿಗೆ ಕರೆತಂದಂತೆ. ಗ್ಲೂಕೋಸ್ ಏಕಶರ್ಕರ, ಲ್ಯಾಕ್ಟೋಸ್ ದ್ವಿಶರ್ಕರ. ಸ್ಟಾರ್ಚ್, ಸೆಲ್ಯುಲೋಸ್, ಪಿತ್ತಜನಕಾಂಗದ ಕೋಶಗಳಲ್ಲಿ ಕೂಡಿಡುವ ಗ್ಲೈಕೊಜನ್ ಇವು ಬಹುಶರ್ಕರಗಳು. ‘ಸಕ್ಕರೆ’ ಡಬ್ಬಿಯಲ್ಲಿರುವ ಸುಕ್ರೋಸಿಗೆ ಮೀಸಲಾಗಿರಲಿ. ತತ್ಸಮವೊಂದು ಶಾಸ್ತ್ರಕ್ಕೆ, ತದ್ಭವವೊಂದು ಅಡುಗೆಮನೆಗೆ ಎಂಬ ಈ ಹಂಚಿಕೆ ಕನ್ನಡಕ್ಕೆ ಹೊಸದಲ್ಲ. ‘ಪಿಷ್ಟ’ ಸ್ಟಾರ್ಚಿಗೆ ಮಾತ್ರ ಇರಲಿ, ಅಯೋಡಿನ್ ಪರೀಕ್ಷೆಯಲ್ಲಿ ನೀಲಿಯಾಗುವುದಕ್ಕೆ.

ಬಳಗದವರಲ್ಲಿ ಎರಡು ಕೇಳಿಕೆಗಳು. ತರಗತಿಯಲ್ಲಿ ಪಾಠ ಮಾಡುವವರು ಏಕಶರ್ಕರ, ಬಹುಶರ್ಕರ ಎಂಬ ಪದಗಳನ್ನು ಮಕ್ಕಳ ಮುಂದೆ ಬಳಸಿ ನೋಡಿದ್ದರೆ ಅವು ಎಷ್ಟು ಒಗ್ಗಿದವು ಎಂದು ತಿಳಿಸಿ. ಇನ್ನೊಂದು, ನೀರಿನ ತಳದಲ್ಲಿ ಕೂರಿಸಿ ತೆಗೆದ ಸ್ಟಾರ್ಚಿಗೆ, ಬೀಸಿದ ಹಿಟ್ಟಿನಿಂದ ಬೇರೆಯಾದ ಹೆಸರು ನಿಮ್ಮ ಸೀಮೆಯಲ್ಲಿ ಉಂಟೇ? ಬಟ್ಟೆಗೆ ಹಾಕುವಾಗ ಅದು ಗಂಜಿಯಾಗುತ್ತದೆ. ಒಣಗಿದ ಪುಡಿಯನ್ನೂ ಗಂಜಿ ಎನ್ನುವ ರೂಢಿ ಎಲ್ಲಾದರೂ ಇದ್ದರೆ ಊರಿನ ಹೆಸರು, ಬಳಸುವ ವಾಕ್ಯದ ಸಮೇತ ಬರೆಯಿರಿ.