ಅಪ್‌ಡೇಟ್: ರೇಸ್ ಮಾಡಿದೆ, ಆದ್ರೂ ಸೋತೆ

ಪೋಕರ್‌ನಲ್ಲಿ ಎರಡು ಎಕ್ಕ ಬಂದು ಎದುರಿಗೆ ನಾಲ್ಕು ಜನ ಇದ್ದರೆ ಸುಮ್ನೆ ಕಾಲ್ ಮಾಡಿ (ಬೇರೆಯವರು ಇಟ್ಟಷ್ಟೇ ಪಣ ಇಟ್ಟು) ಎಲ್ಲರನ್ನೂ ಒಳಗೆ ಬಿಟ್ಕೊಳ್ಳಬೇಕಾ, ಇಲ್ಲ ರೇಸ್ ಮಾಡಬೇಕಾ (ಪಣ ಏರಿಸಬೇಕಾ) ಅಂತ ಹೋದ ತಿಂಗಳು ಕೇಳಿದ್ದೆ, ನೆನಪಿದೆ ಅಲ್ವಾ? ಜೋರಾಗಿ ರೇಸ್ ಮಾಡು ಅಂದಿದ್ದಿರಿ. ಲೆಕ್ಕ ನೋಡಿದೆ. ಎದುರಿಗೆ ಯಾವುದೋ ಎಲೆ ಹಿಡಿದ ಒಬ್ಬನೇ ಇದ್ದರೆ ಎಕ್ಕದ ಜೋಡಿ ಗೆಲ್ಲುವುದು ಸುಮಾರು 85%, ನಾಲ್ವರಿದ್ದರೆ 56% ಅಷ್ಟೇ. ಹೊಟ್ಟೆ ಉರಿಯಿತು.

ಮೊನ್ನೆ ಮೂಡಿಗೆರೆಯ ತೋಟದ ಮನೆಯಲ್ಲಿ ಮತ್ತೆ ಕೂತೆವು. ದುಡ್ಡಿನ ಆಟ ಅಲ್ಲ, ಚಿಪ್ಸ್ ಬದಲು ಕಾಫಿ ಬೀಜ. ಹೊರಗೆ ಮಳೆ, ಕರೆಂಟ್ ಇಲ್ಲ, ಮೇಣದಬತ್ತಿ ಬೆಳಕಲ್ಲಿ ಆಟೀನ್ ಯಾವುದು ಡೈಮಂಡ್ ಯಾವುದು ಅಂತ ಎಲೆಯನ್ನು ಮೂಗಿನ ಹತ್ತಿರ ಹಿಡಿದು ನೋಡಬೇಕಿತ್ತು. ನನಗೆ ಎರಡು ರಾಜ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಡಬೇಕಾದ ಪಣ) 2 ಬೀಜ, ಇಬ್ಬರು ಆಗಲೇ ಕಾಲ್ ಮಾಡಿದ್ದರು. ನಾನು ಸೀದಾ 14 ಇಟ್ಟೆ. ಮೂವರು ಎಲೆ ಮಡಚಿ ಆ ಆಟ ಬಿಟ್ಟರು, ಒಬ್ಬ ಮಾತ್ರ ಉಳಿದ (ನಮ್ಮ ಭಾವ, ಬಿಡುವ ಜಾತಿಯೇ ಅಲ್ಲ).

ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದ, ಮೇಜಿನ ಮೇಲೆ ಬಿಚ್ಚುವ ಮೊದಲ ಮೂರು ಎಲೆ) ಆಟೀನ್ 9, ಆಟೀನ್ 8, ಕಳಾವರ್ 2. ನಾನು 20 ಇಟ್ಟೆ, ಕಾಲ್ ಮಾಡಿದ. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಇನ್ನೊಂದು ಆಟೀನ್ ಬಿತ್ತು, ಅವನು ಬೀಜದ ಬಟ್ಟಲನ್ನೇ ಮುಂದಕ್ಕೆ ತಳ್ಳಿದ. ನನ್ನ ಹತ್ತಿರ ಆಟೀನ್ ಒಂದೂ ಇಲ್ಲ. ತುಂಬಾ ಹೊತ್ತು ಯೋಚಿಸಿ, ರಾಜರಿಬ್ಬರನ್ನೂ ಮಡಚಿದೆ. ಫ್ಲಶ್ (ಒಂದೇ ಗುರುತಿನ ಐದು ಎಲೆ) ತೋರಿಸಿ ನಕ್ಕ.

ಹೋದದ್ದು 34 ಬೀಜ. ಹೋದ ಸಲ ಬಟ್ಟಲೇ ಖಾಲಿಯಾಗಿತ್ತು.