ಅರ್ಧ ಕಿಲೋ ಲೋಡು (ಗರಡಿಯಲ್ಲಿ ತಿರುಗಿಸುವ, ತುದಿ ದಪ್ಪಗಿರುವ ಮರದ ಗದೆ) ತಿರುಗಿಸಿದರೆ ಭುಜಕ್ಕೆ ಉಪಯೋಗ ಇದೆಯಾ? ಮಾಡಿದವರು ಹೇಳಿ

ಠಾಣೆಯಿಂದ, ಕೇಳಿದವರು:
ನನಗೆ 43. ದಿನಾ ಠಾಣೆಯಿಂದ ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ಲೋಕಲ್ ರೈಲಿನಲ್ಲಿ ಓಡಾಟ. ಹೋಗುವಾಗ ಬಲಗೈ ಮೇಲಿನ ಹಿಡಿಕೆಗೆ, ಬರುವಾಗಲೂ ಅದೇ ಕೈ. ಭಾನುವಾರ ಸೊಸೈಟಿ ಹುಡುಗರ ಜೊತೆ ಬೌಲಿಂಗ್ ಬೇರೆ. ಈಗ ಬಲ ಭುಜ ಬಿಗಿದುಕೊಂಡಿದೆ. ನೋವು ಅಷ್ಟಿಲ್ಲ, ಆದರೆ ಕೈ ಬೆನ್ನ ಹಿಂದೆ ಸರಿಯಾಗಿ ಹೋಗುವುದಿಲ್ಲ. ಡಾಕ್ಟರ್ ನೋಡಿ, ಏನೂ ಹರಿದಿಲ್ಲ, ವ್ಯಾಯಾಮ ಮಾಡಿ ಅಂದರು. ಧಾರವಾಡದಲ್ಲಿ ನಮ್ಮಜ್ಜ ಗರಡಿಯಲ್ಲಿ ಲೋಡು ತಿರುಗಿಸುತ್ತಿದ್ದರು. ಅದನ್ನು ನನ್ನಿಂದ ಎತ್ತಲೂ ಆಗುತ್ತಿರಲಿಲ್ಲ. ಈಗ ಅರ್ಧ ಕಿಲೋದ್ದು ಸಿಗುತ್ತದಂತೆ. ಅಷ್ಟು ಹಗುರದ್ದರಿಂದ ಏನಾದರೂ ಆಗುತ್ತದಾ, ಸುಮ್ನೆ ಆಟಿಕೆನಾ?

ಡೊಂಬಿವಿಲಿಯಿಂದ:
ಆಟಿಕೆ ಅಂತ ನಾನೂ ನಕ್ಕಿದ್ದೆ. ಜಿಮ್‌ನಲ್ಲಿ 15 ಕಿಲೋ ಡಂಬೆಲ್ ಎತ್ತುವವನು, ಅರ್ಧ ಕಿಲೋ ಯಾರಿಗೆ ಬೇಕು ಅಂತ 2 ಕಿಲೋದ ಜೋಡಿ ತಂದೆ. ಒಂಬತ್ತನೇ ದಿನಕ್ಕೆ ಮಣಿಕಟ್ಟು ಊದಿತು. ಆಮೇಲೆ ಮೊಣಕೈ. ಸರಿಮಾಡಲು ಹೊರಟಿದ್ದ ಭುಜ ಮೊದಲಿಗಿಂತ ಬಿಗಿಯಾಯಿತು. ಆ ಜೋಡಿ ಈಗ ಬಾಗಿಲಿಗೆ ಒತ್ತು ಕೊಡುವ ಕೆಲಸ ಮಾಡುತ್ತಿದೆ.

ಎಲ್ಲಿ ಎಡವಿದೆ ಅಂತ ಆಮೇಲೆ ತಿಳಿಯಿತು. ಡಂಬೆಲ್‌ನ ಭಾರ ಮುಷ್ಟಿಯಲ್ಲೇ ಇರುತ್ತದೆ. ಲೋಡಿನ ಭಾರ ಮುಷ್ಟಿಯಿಂದಾಚೆ, ದಪ್ಪ ತುದಿಯ ಕಡೆ. ತಿರುಗಿಸಿದಾಗ ಅದು ಕೈಯನ್ನು ಹೊರಗೆ ಎಳೆಯುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಹಾಗಾಗಿ ಅರ್ಧ ಕಿಲೋ ತಿರುಗುವಾಗ ಅರ್ಧ ಕಿಲೋ ಆಗಿ ಉಳಿಯುವುದಿಲ್ಲ. ಹಗುರವಾಗಿದ್ದರೆ ಆ ಎಳೆತ ಭುಜಕ್ಕೆ ಹಿತವಾಗಿರುತ್ತದೆ, ಭಾರವಾಗಿದ್ದರೆ ಹೆಗಲು ಹೆದರಿ ಮುದುಡಿಕೊಳ್ಳುತ್ತದೆ. ನನ್ನ ಹೆಗಲು ಮಾಡಿದ್ದೂ ಅದನ್ನೇ.

ಈಗ ಮೂರು ವರ್ಷದಿಂದ 500 ಗ್ರಾಮಿನದ್ದೇ. ಮೊದಲ ಎರಡು ವಾರ ಒಂದೇ ಕೈ, ತೊಡೆಯ ಪಕ್ಕದಲ್ಲಿ ಹಿಂದೆ ಮುಂದೆ, ಗಡಿಯಾರದ ಲೋಲಕದ ಹಾಗೆ. ಬೇಸರ ಬರುತ್ತದೆ, ಬರಲಿ. ಆಮೇಲೆ ಎದೆಯ ಮುಂದೆ ದೊಡ್ಡ ಸುತ್ತು, ಹೊಟ್ಟೆಯ ಮುಂದಿಂದ ಹೊರಟು ತಲೆ ಮೇಲೆ ಹೋಗಿ ಇಳಿಯುವುದು. ಅದು ಸಲೀಸಾದ ಮೇಲೆ ಮೊಣಕೈ ಎತ್ತಿ ತಲೆಯ ಹಿಂದೆ ಸಣ್ಣ ಸುತ್ತು. ಹಿಡಿತ ದೇವಸ್ಥಾನದ ಗಂಟೆ ಹಗ್ಗ ಹಿಡಿದಷ್ಟು ಸಡಿಲ ಇರಲಿ. ಲೋಡನ್ನು ನೀವು ತಳ್ಳಬೇಡಿ. ಬೀಳಲು ಬಿಡಿ, ಬಿದ್ದ ರಭಸದಲ್ಲೇ ಅದು ಮೇಲೇಳುತ್ತದೆ. ಪ್ರತಿ ಕೈಗೆ ಹತ್ತು ಸುತ್ತು, ಅದೇ ಎರಡು ಮೂರು ಸಲ, ಐದಾರು ನಿಮಿಷ. ಕೈ ಸುಸ್ತಾಗಿ ಸುತ್ತು ವಕ್ರವಾಗುತ್ತಿದ್ದಂತೆ ಕೆಳಗಿಡಿ.

ಇನ್ನೊಂದು ಮಾತು. ಇಲ್ಲಿ ಲೋಡಿಗೆ ‘ಮುದ್ಗಲ್’ ಅಂತಾರೆ. ಅಂಗಡಿಯಲ್ಲಿ ಬರೀ ಹಾಗೆ ಕೇಳಿದರೆ ಪೈಲ್ವಾನರ ಭಾರದ್ದನ್ನೇ ತಂದಿಡುತ್ತಾರೆ. ತೂಕ ಮೊದಲೇ ಹೇಳಿ.

ವಿಲೇಪಾರ್ಲೆಯಿಂದ:
ನನ್ನ ಅನುಭವ ಒಂದೇ: ಸೀಲಿಂಗ್ ಫ್ಯಾನ್. ಒಂದು ರೆಕ್ಕೆ ಇವತ್ತಿಗೂ ಬಗ್ಗಿದೆ.

ಪುಣೆ, ಕೋಥ್ರೂಡ್‌ನಿಂದ:
ನಾನು ಫಿಸಿಯೋಥೆರಪಿಸ್ಟ್. ತಿರುಗಿಸುವ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ 90 ಡಿಗ್ರಿ ಮಡಿಸಿ. ಮುಂಗೈಯನ್ನು ಹೊರಗಡೆ ತಿರುಗಿಸಿ. ಇನ್ನೊಂದು ಕೈಯಿಂದ ಮೆಲ್ಲಗೆ ತಳ್ಳಿದರೂ ಅದು ಹೋಗದೇ ಇದ್ದರೆ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲೇ ಬಿಗಿದು ಹಿಡಿದುಕೊಳ್ಳುವ ತೊಂದರೆ, ಇರಬಹುದು. 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಜಾಸ್ತಿ. ಆಗ ಲೋಡು ಮುಟ್ಟಬೇಡಿ, ಮತ್ತೆ ಡಾಕ್ಟರ್ ಹತ್ತಿರ ಹೋಗಿ. ಭುಜ ಒಮ್ಮೆ ಜಾರಿದ್ದವರು ಡೊಂಬಿವಿಲಿಯವರು ಹೇಳಿದ ಆ ತಲೆ ಹಿಂದಿನ ಸುತ್ತನ್ನು ಕೇಳದೇ ಮಾಡಬಾರದು. ಕೀಲು ಮುಂದಕ್ಕೆ ಜಾರುವುದು ಅದೇ ಭಂಗಿಯಲ್ಲಿ.

ಠಾಣೆಯವರ ತೊಂದರೆ ಕೈ ಬೆನ್ನ ಹಿಂದೆ ಹೋಗದಿರುವುದು, ಅಲ್ವಾ? ತಲೆ ಹಿಂದಿನ ಸುತ್ತಿನಲ್ಲಿ ತೋಳು ಹೊರಕ್ಕೆ ತಿರುಗುತ್ತದೆ. ನಿಮಗೆ ಬೇಕಿರುವುದು ಒಳತಿರುವು. ಅದಕ್ಕೆ ಸೊಂಟದ ಹಿಂದೆ ಸಣ್ಣ ಸುತ್ತು ಮಾಡಬೇಕು. ಎಲ್ಲರೂ ಬಿಟ್ಟುಬಿಡುವುದು ಇದನ್ನೇ, ನೋಡಲು ಚೆಂದ ಇಲ್ಲ.

ಇನ್ನು ಹಗುರದ ಪ್ರಶ್ನೆ. ಭುಜದ ಗೂಡು ತುಂಬಾ ಆಳವಿಲ್ಲದ್ದು, ತಟ್ಟೆಯಲ್ಲಿ ಲಿಂಬೆಹಣ್ಣು ಇಟ್ಟ ಹಾಗೆ. ಹಣ್ಣು ಉರುಳದಂತೆ ಹಿಡಿಯುವುದು ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳು, ರೊಟೇಟರ್ ಕಫ್. ಬೌಲಿಂಗ್‌ನಲ್ಲಿ ಚೆಂಡು ಬಿಟ್ಟ ಮೇಲೆ ಕೈಗೆ ಬ್ರೇಕ್ ಹಾಕುವುದರಲ್ಲಿ ಇವುಗಳ ಪಾಲು ದೊಡ್ಡದು. ಭಾರ ಜಾಸ್ತಿಯಾದರೆ ಎದೆ, ಬೆನ್ನಿನ ದೊಡ್ಡ ಸ್ನಾಯುಗಳು ಕೆಲಸ ಕಿತ್ತುಕೊಳ್ಳುತ್ತವೆ. ಮತ್ತೆ, ಕೈ 180 ಡಿಗ್ರಿ ಮೇಲೇಳುವಾಗ ಸುಮಾರು 120 ಮಾತ್ರ ಆ ಗೂಡಿನದ್ದು, ಉಳಿದ 60 ಬೆನ್ನಿನ ರೆಕ್ಕೆ ಮೂಳೆ ಜಾರುವುದರಿಂದ ಬರುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಗೂನಾಗಿ ಕೂತರೆ ಆ ಮೂಳೆಯ ಓಡಾಟ ಕಡಿಮೆಯಾಗುತ್ತದೆ. ದೊಡ್ಡ ಸುತ್ತು ಅದನ್ನು ಎಬ್ಬಿಸುತ್ತದೆ. ಆದರೆ ಲೋಡೊಂದೇ ಸಾಕು ಅನ್ನುವವರನ್ನು ನಂಬಬೇಡಿ. ಕಫ್‌ಗೆ ಬಲ ಬರಲು ರಬ್ಬರ್ ಬ್ಯಾಂಡ್ ಎಳೆಯುವುದೂ ಬೇಕು.

ಮಾಟುಂಗದಿಂದ:
22 ವರ್ಷದಿಂದ ಹೋಟೆಲ್‌ನಲ್ಲಿ ದೋಸೆ ಹಾಕುತ್ತೇನೆ. ನಮ್ಮ ಕೈ ದಿನಕ್ಕೆ ಸಾವಿರ ಸುತ್ತು ಸುತ್ತುತ್ತದೆ, ಆದರೆ ಎಲ್ಲ ಕಾವಲಿಯ ಮಟ್ಟದಲ್ಲಿ. ಹೆಗಲಿನ ಮೇಲಕ್ಕೆ ಹೋಗುವುದೇ ಇಲ್ಲ. ನಾಲ್ಕು ವರ್ಷದ ಹಿಂದೆ ಮೇಲಿನ ಶೆಲ್ಫ್‌ನಿಂದ ಡಬ್ಬ ಇಳಿಸಲು ಆಗಲಿಲ್ಲ. ಜೊತೆಯಲ್ಲಿರುವ ಕುಂದಾಪುರದ ಹುಡುಗ ತೋರಿಸಿಕೊಟ್ಟ. ಅರ್ಧ ಲೀಟರ್ ಬಾಟ್ಲಿಗೆ ಅರ್ಧದಷ್ಟು ಮರಳು. ನೀರು ಬೇಡ, ಒಳಗೆ ಕುಲುಕಿ ಲಯ ತಪ್ಪಿಸುತ್ತದೆ. ಬೆಳಿಗ್ಗೆ ಐದಕ್ಕೆ, ಕಾವಲಿ ಕಾಯುವ ಮುಂಚೆ ಟೆರೇಸಿನಲ್ಲಿ ಎರಡೂ ಕೈ. ಎರಡು ತಿಂಗಳು ಏನೂ ಗೊತ್ತಾಗಲಿಲ್ಲ, ಸುಳ್ಳು ಹೇಳುವುದಿಲ್ಲ. ಮೂರನೇ ತಿಂಗಳು ಡಬ್ಬ ಇಳಿಯಿತು.

ಪುಣೆ, ಸದಾಶಿವ ಪೇಟೆಯಿಂದ:
ಆಟಿಕೆ ಅಂದವರಿಗೆ ಒಂದು ಮಾತು. 19ನೇ ಶತಮಾನದಲ್ಲಿ ಬ್ರಿಟಿಷ್ ಸೈನಿಕರು ನಮ್ಮಲ್ಲಿ ಇದನ್ನು ನೋಡಿ ಕಲಿತು, ಹಗುರ ಮಾಡಿಕೊಂಡು ತಮ್ಮ ದೇಶಕ್ಕೆ ಒಯ್ದರು. ಅಲ್ಲಿಂದ ಅಮೆರಿಕಕ್ಕೂ ಹೋಯಿತು. 1904ರ ಸೇಂಟ್ ಲೂಯಿಸ್ ಮತ್ತು 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಪದಕವೂ ಇತ್ತು. ಅಲ್ಲಿ ಗೆದ್ದವರು ಅಮೆರಿಕದವರು, ನಾವಲ್ಲ. ನಾವು ಅದನ್ನು ಅಟ್ಟಕ್ಕೆ ಹಾಕಿ ಮರೆತಿದ್ದೆವು.
ಮರದ್ದು ಕೊಂಡರೆ ಮಳೆಗಾಲಕ್ಕೆ ಮುಂಚೆ ಅಗಸೆ ಎಣ್ಣೆ ಹಚ್ಚಿ. ಅಂಗೈ ಬೆವೆತಾಗ ಹಿಡಿ ಒರೆಸಿಕೊಳ್ಳಿ, ಜಾರಿದರೆ ಎದುರು ಮನೆ ಕಿಟಕಿ.

ಠಾಣೆಯಿಂದ, ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಕೋಥ್ರೂಡ್‌ನವರ ಪರೀಕ್ಷೆ ಮಾಡಿದೆ, ಮುಂಗೈ ಹೊರಕ್ಕೆ ಚೆನ್ನಾಗಿಯೇ ಹೋಗುತ್ತದೆ. ಲೋಕಲ್‌ನಲ್ಲಿ ಹೋಗುವಾಗ ಬಲಗೈ, ಬರುವಾಗ ಎಡಗೈ ಅಂತ ಇವತ್ತಿನಿಂದ ನಿಯಮ. ಲೋಡು ಕೊಳ್ಳುವ ಮುಂಚೆ ಲಟ್ಟಣಿಗೆ ಹಿಡಿದು ಹಾಲ್‌ನಲ್ಲಿ ಕೈ ಎತ್ತಿ ನೋಡಿದೆ. ಟ್ಯೂಬ್‌ಲೈಟಿಗೆ ನಾಲ್ಕು ಬೆರಳು ಮಾತ್ರ ಉಳಿಯಿತು. ಹೆಂಡತಿ ಲಟ್ಟಣಿಗೆ ಕಿತ್ತುಕೊಂಡು ಟೆರೇಸಿನ ಬೀಗದ ಕೈ ಕೊಟ್ಟಳು. ಸದ್ಯಕ್ಕೆ ಮಗನ ಪ್ಲಾಸ್ಟಿಕ್ ಬ್ಯಾಟಿನಲ್ಲಿ ಲೋಲಕ ಶುರು ಮಾಡಿದ್ದೇನೆ.